ಹಲ್ಲಿನಿಂದ ಕೇಳುತ್ತಿದ್ದವರು

ಅವರ ಮಗಳು ಕ್ಲಿನಿಕ್ಕಿಗೆ ಫೋನ್ ಮಾಡಿ, ಅಪ್ಪನ ಮುಂದಿನ ವಾರದ ಅಪಾಯಿಂಟ್‌ಮೆಂಟನ್ನು ಬೇರೆ ಯಾರಿಗಾದರೂ ಕೊಡಿ ಎಂದಳಂತೆ. ರಿಸೆಪ್ಷನ್ನಿನ ಹುಡುಗಿ ಅಭ್ಯಾಸಬಲದಿಂದ, ಹಾಗಾದರೆ ಯಾವ ದಿನ ಹಾಕಲಿ ಎಂದು ಕೇಳಿದ್ದಾಳೆ. ಆಗ ಮಗಳು ಅಪ್ಪ ತೀರಿಹೋದ ವಿಷಯ ಹೇಳಿದ್ದಾಳೆ. ರಿಸೆಪ್ಷನ್ನಿನವಳು ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತಾಗ ನಾನು ಒಬ್ಬರ ದವಡೆ ಹಲ್ಲಿಗೆ ಸಿಮೆಂಟ್ ತುಂಬುತ್ತಿದ್ದೆ. ಆ ಕೆಲಸವನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ. ತುಂಬಿ ಮುಗಿಸಿ, ಕಚ್ಚಿ ನೋಡಿ ಎಂದು ಹೇಳಿ, ಅವರನ್ನು ಕಳಿಸಿ, ಆಮೇಲೆ ಕೈಗವಸು ಕಳಚಿ ಸುಮ್ಮನೆ ಕುಳಿತೆ.

ಅವರ ಹೆಸರು ಬರೆಯುವುದಿಲ್ಲ. ರೋಗಿಯ ಬಾಯಿಯೊಳಗಿನ ಸಂಗತಿ ಹೊರಗೆ ಹೇಳುವಾಗ ಹೆಸರು ಹೇಳಬಾರದು. ಇದನ್ನು ಅವರಿಗೂ ಒಮ್ಮೆ ಹೇಳಿದ್ದೆ. "ಕಥೆ ಬೇಕಾದವರಿಗೆ ಹೇಳು, ಹೆಸರು ಮಾತ್ರ ಬೇಡ. ನನಗೆ ಇನ್ನೂ ಎಲ್ಲ ಹಲ್ಲೂ ಉಂಟೂಂತ ಕೆಲವು ಹೆಂಗಸರು ನಂಬಿದ್ದಾರೆ" ಎಂದು ಕಣ್ಣು ಮಿಟುಕಿಸಿದ್ದರು. ಅವರದು ಇಂಗ್ಲೆಂಡಿನ ಈ ಲೀಡ್ಸ್ ಊರಿನ ಅಚ್ಚ ಯಾರ್ಕ್‌ಶೈರ್ ಇಂಗ್ಲಿಷು. ಅದನ್ನು ನಾನು ನನ್ನ ಪುತ್ತೂರಿನ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ, ಯಾಕೆಂದರೆ ನನಗೆ ಮಾತಾಡಲಿಕ್ಕೆ ಬರುವ ಕನ್ನಡ ಅದೊಂದೇ. ನನ್ನ ಗಂಡ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಅವರು ಜನರನ್ನು ಮಲಗಿಸಿ ಸುಮ್ಮನಾಗಿಸುತ್ತಾರೆ, ನಾನು ಬಾಯಿಗೆ ಹತ್ತಿ ತುರುಕಿ ಸುಮ್ಮನಾಗಿಸುತ್ತೇನೆ. ಹೀಗಾಗಿ ನಮ್ಮಿಬ್ಬರಿಗೂ ಜನರ ಮಾತು ಕೇಳುವ ಹಸಿವು ಜಾಸ್ತಿ.

ಮೊದಲ ದಿನ ಅವರು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಾಗ ನನಗೆ ಆಶ್ಚರ್ಯವಾಯಿತು. ಮೇಲಿನ ಎರಡು ಮುಂದಿನ ಹಲ್ಲುಗಳ ಅಂಚು ಸವೆದು ಸಣ್ಣ ತೋಡಾಗಿದೆ. ಕೆಳತುಟಿಯ ಒಳಗೆ, ಕೊಡಪಾನ ಹೊರುವವರ ಅಂಗೈಯಲ್ಲಿರುವಂತಹ ಗಟ್ಟಿ ಜಡ್ಡು. ಪೈಪ್ ಸೇದುವವರಿಗೆ ತೋಡು ಬದಿಯಲ್ಲಿರುತ್ತದೆ, ದರ್ಜಿಗಳಿಗೆ ಸೂಜಿ ಕಚ್ಚಿದ ಸಣ್ಣ ಗೀರು ಇರುತ್ತದೆ. ಇದು ಎರಡೂ ಅಲ್ಲ. ನೀವು ಏನನ್ನು ಕಚ್ಚುತ್ತೀರಿ ಎಂದು ಕೇಳಿದೆ.

"ನೀನೇ ಹೇಳು ನೋಡುವ, ಲವ್."

ಯಾರ್ಕ್‌ಶೈರಿನಲ್ಲಿ ಬಸ್ಸಿನ ಡ್ರೈವರಿನಿಂದ ಹಿಡಿದು ತರಕಾರಿ ಮಾರುವವರ ತನಕ ಎಲ್ಲರೂ ಎಲ್ಲರನ್ನೂ ಲವ್ ಎನ್ನುತ್ತಾರೆ, ನಮ್ಮಲ್ಲಿ ಅಕ್ಕಾ ಎಂದ ಹಾಗೆ. ಹೊಸತರಲ್ಲಿ ನಾನು ಬೆಚ್ಚಿದ್ದುಂಟು, ಈಗ ಇಲ್ಲ. ನನಗೆ ಗೊತ್ತಾಗುವುದಿಲ್ಲ ಎಂದೆ. ಅವರು ಎರಡೂ ಕೈಗಳನ್ನು ಎದೆಯ ಮುಂದೆ ಹಿಡಿದು ಬೆರಳು ಆಡಿಸಿ, ಸ್ಯಾಕ್ಸೋಫೋನ್ ಎಂದರು.

ನನಗೆ ಎಷ್ಟು ಖುಷಿಯಾಯಿತೆಂದರೆ, "ಹೌದಾ! ಯಾವ ದೇವಸ್ಥಾನದಲ್ಲಿ?" ಎಂದು ಕೇಳಿಬಿಟ್ಟೆ.

ನಮ್ಮ ಕರಾವಳಿಯಲ್ಲಿ ಬೆಳೆದವರಿಗೆ ಈ ಪ್ರಶ್ನೆಯಲ್ಲಿ ತಪ್ಪೇನೂ ಕಾಣದು. ನಮಗೆ ಸ್ಯಾಕ್ಸೋಫೋನ್ ಎಂದರೆ ವಾಲಗ. ಜುಬ್ಬಾ ಹಾಕಿ, ಗಂಧ ಬಳಿದು, ಚಾಪೆಯ ಮೇಲೆ ಚಕ್ಕಳಮಕ್ಕಳ ಕುಳಿತು ಊದುವ ಮಂಗಳವಾದ್ಯ. ಅದಿಲ್ಲದೆ ಮದುವೆಯ ದಿಬ್ಬಣ ಒಳಗೆ ಬರುವುದಿಲ್ಲ. ಅದನ್ನು ಮಬ್ಬು ಬೆಳಕಿನ ಪಬ್ಬಿನಲ್ಲಿ ಹ್ಯಾಟ್ ಹಾಕಿಕೊಂಡು ನಿಂತು ಊದುತ್ತಾರೆ ಎನ್ನುವುದು ನನಗೆ ಸಿನಿಮಾ ನೋಡಿ ಗೊತ್ತಿತ್ತು. ಆದರೆ ಬಾಯಿಗೆ ಮೊದಲು ಬಂದದ್ದು ದೇವಸ್ಥಾನ.

ಅವರು ಕುರ್ಚಿಯಿಂದ ಎದ್ದು ಕುಳಿತರು. ದೇವರ ಮುಂದೆ ಸ್ಯಾಕ್ಸೋಫೋನ್ ಊದುವ ಊರೊಂದು ಇದೆ ಎನ್ನುವುದನ್ನು ಅವರಿಂದ ನಂಬಲಿಕ್ಕಾಗಲಿಲ್ಲ. ಫೋನಿನಲ್ಲಿ ಹುಡುಕಿ ಒಂದು ಉತ್ಸವದ ವಾಲಗ ಹಾಕಿ ತೋರಿಸಿದೆ. ಬಾಯಿಯ ಕೆಳಗೆ ಕಟ್ಟಿದ ನೀಲಿ ಕಾಗದವನ್ನೂ ತೆಗೆಯದೆ ಕೇಳಿದರು.

"ಇವ ಉಸಿರು ಯಾವಾಗ ತೆಗೀತಾನೆ? ಯಾರು ಅಟ್ಟಿಸಿಕೊಂಡು ಬರ್ತಾ ಇದ್ದಾರೆ ಇವನನ್ನು?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅಲ್ಲಿ ಸ್ವರವನ್ನು ಬಗ್ಗಿಸಿದ, ಕೇಳಿತಾ? ನಾನೂ ಅಲ್ಲೇ ಬಗ್ಗಿಸುದು" ಎಂದರು. ಆ ದಿನ ಹಲ್ಲು ನೋಡಿದ್ದು ಕಡಿಮೆ. ಹೊರಗೆ ಕಾಯುತ್ತಿದ್ದವರು ಗೊಣಗಿದ್ದು ಹೆಚ್ಚು.

ಅವರ ತಂದೆ ಕೆರಿಬಿಯನ್ ದ್ವೀಪವೊಂದರಿಂದ ಬಂದು ಲೀಡ್ಸಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ಇವರು ಹುಟ್ಟಿದ್ದು ಇಲ್ಲೇ. ಶಾಲೆ ಬಿಟ್ಟ ಮೇಲೆ ಸೂಟು ಹೊಲಿಯುವ ಫ್ಯಾಕ್ಟರಿಯಲ್ಲಿ ಪ್ಯಾಂಟುಗಳಿಗೆ ಉಗಿಯ ಇಸ್ತ್ರಿ ಹಾಕುವ ಕೆಲಸ. ಸಂಜೆಯಾದರೆ ಸ್ಯಾಕ್ಸೋಫೋನ್ ಹೊತ್ತುಕೊಂಡು ಕಾರ್ಮಿಕರ ಕ್ಲಬ್ಬುಗಳಿಗೆ. ಅಲ್ಲಿ ಬ್ಯಾಂಡಿಗಿಂತ, ಅಂಕಿ ಕೂಗಿ ಬಹುಮಾನ ಕೊಡುವ ಬಿಂಗೋ ಆಟ ಮುಖ್ಯ. ಬಿಂಗೋ ಹೊತ್ತಾಯಿತೆಂದು ಕ್ಲಬ್ಬಿನ ಕಾರ್ಯದರ್ಶಿ ಬೆರಳೆತ್ತಿದರೆ ಮುಗಿಯಿತು, ಯಾವ ಸ್ವರದ ಮೇಲಿದ್ದರೂ ಅಲ್ಲೇ ನಿಲ್ಲಿಸಬೇಕು. ನಿಲ್ಲಿಸದವರನ್ನು ಮತ್ತೆ ಕರೆಯುವುದಿಲ್ಲ. "ಬ್ಲೂಸ್ ಹೇಗೆ ಶುರು ಮಾಡ್ಬೇಕೂಂತ ನನಗೆ ಅಪ್ಪನ ರೇಡಿಯೋ ಕಲಿಸಿತು, ಎಲ್ಲಿ ನಿಲ್ಲಿಸ್ಬೇಕೂಂತ ಬಿಂಗೋ ಕಲಿಸಿತು" ಎನ್ನುತ್ತಿದ್ದರು.

ರೆಕಾರ್ಡುಗಳಲ್ಲಿ ಅವರು ಇದ್ದಾರೆ. ಆದರೆ ಹುಡುಕಬೇಕು. ಬೇರೆಯವರ ಹಾಡಿನ ನಡುವೆ, ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, ಒಂದು ತುಣುಕು. ಹೆಚ್ಚಿನವುಗಳ ಕವರಿನ ಮೇಲೆ ಹೆಸರಿಲ್ಲ. ಯಾವುದರಲ್ಲೆಲ್ಲ ಇದ್ದೀರಿ ಎಂದು ಕೇಳಿದರೆ, "ಒಂದರದ್ದು ಕೆಂಪು ಕವರ್. ಇನ್ನೊಂದರಲ್ಲಿ ಹಾಡುವವನಿಗೆ ದೊಡ್ಡ ಮೀಸೆ" ಎಂಬ ಉತ್ತರ. ಇಷ್ಟು ಗುರುತು ಇಟ್ಟುಕೊಂಡು ನಾನೂ ನನ್ನ ಗಂಡನೂ ಶನಿವಾರಗಳಲ್ಲಿ ಹಳೆ ಸಾಮಾನಿನ ಅಂಗಡಿಗಳನ್ನು ಸುತ್ತಿದೆವು. ಮೀಸೆಯವರು ಬಹಳ ಮಂದಿ ಸಿಕ್ಕಿದರು. ಕೊನೆಗೆ ಸಿಕ್ಕಿದ್ದು ಕೆಂಪು ಕವರಿನದ್ದು. ಅದಾದ ಮೇಲೆ ಬರ್ಮಿಂಗ್‌ಹ್ಯಾಮಿನ ಪಬ್ಬೊಂದರ ಮಹಡಿಯಲ್ಲಿ ಧ್ವನಿಮುದ್ರಿಸಿದ ಒಂದು, ಅವರ ಸ್ವಂತ ಹೆಸರಿನಲ್ಲಿ ಇದ್ದ ಏಕಮಾತ್ರ ರೆಕಾರ್ಡು. ಗ್ಲಾಸುಗಳ ಸದ್ದು, ಯಾರದೋ ಕೆಮ್ಮು, ಅದರ ನಡುವೆ ಇವರು ನಿಧಾನಕ್ಕೆ, ಏನೋ ಹೇಳಲಿಕ್ಕೆ ಹೊರಟು ಬೇಡವೆಂದು ಬಿಟ್ಟ ಹಾಗೆ ಊದುತ್ತಾರೆ.

ನನ್ನ ಗಂಡ ಸಣ್ಣದರಲ್ಲಿ ಒಂದಷ್ಟು ಸಂಗೀತ ಕಲಿತವರು. ಕೇಳಿ, "ಎಂತ ಮಾರಾಯ್ತಿ, ಇದು ಸೀದಾ ಶುದ್ಧ ಧನ್ಯಾಸಿ ರಾಗ ಅಲ್ವಾ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ, ಆ ಗಾಂಧಾರ ಸರಿ ಇಲ್ಲ. ಅತ್ತ ಅದೂ ಅಲ್ಲ, ಇತ್ತ ಇದೂ ಅಲ್ಲ" ಎಂದು ಹಟಕ್ಕೆ ಬಿದ್ದು ಮತ್ತೆ ಮತ್ತೆ ಹಾಕಿದರು. ಈ ವಿಮರ್ಶೆಯನ್ನು ನಾನು ಒಯ್ದು ಮುಟ್ಟಿಸಿದಾಗ ಅವರಿಗೆ ಬಹಳ ಸಂತೋಷವಾಯಿತು. "ಸರಿ ಇಲ್ಲ ಅಂತ ಹೇಳಿದ್ರಾ? ಹಾಗಾದ್ರೆ ಅವರಿಗೆ ಕಿವಿ ಉಂಟು" ಎಂದರು.

ಆದರೆ ಅವರು ತಮ್ಮ ಒಂದು ರೆಕಾರ್ಡನ್ನೂ ಪೂರ್ತಿ ಕೇಳಿದವರಲ್ಲ. ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮುಗಿದು ಹಾಕಿ ಕೇಳಿಸುವ ಹೊತ್ತಿಗೆ ಸರಿಯಾಗಿ ಎದ್ದು ಹೊರಗೆ ಹೋಗುತ್ತಿದ್ದರಂತೆ. ಯಾಕೆಂದು ಕೇಳಿದೆ. "ಅದು ನಾನಲ್ಲ, ಲವ್. ಯಾರೋ ಮೂಗು ಕಟ್ಟಿದವ ನನ್ನ ಪದವನ್ನು ಕದ್ದು ಊದಿದ ಹಾಗೆ ಕೇಳ್ತದೆ. ನನ್ನ ಸ್ವರ ಹಾಗಿಲ್ಲ." ಹೇಳುವಾಗ ನಗುತ್ತಿರಲಿಲ್ಲ. ಒಬ್ಬ ಮನುಷ್ಯ ಜೀವಮಾನವಿಡೀ ಊದಿ, ಊದಿದ್ದು ಯಾವುದೂ ತನ್ನದಲ್ಲ ಎಂದುಕೊಂಡಿರುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆ ವರ್ಷ ಬೇಸಿಗೆಯಲ್ಲಿ ಮ್ಯಾಕಲ್ಸ್‌ಫೀಲ್ಡಿನ ರಾಯರ ಮಗಳ ಮದುವೆ. ರಾಯರು ನಮ್ಮ ಕಡೆಯವರು, ಔಷಧ ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರು. ಬರ್ಮಿಂಗ್‌ಹ್ಯಾಮಿನ ಬಳಿಯ ಟಿವಿಡೇಲಿನಲ್ಲಿರುವ ಬಾಲಾಜಿ ದೇವಸ್ಥಾನದ ಹತ್ತಿರ ಹಾಲ್ ಹಿಡಿದು, ಅಡಿಗೆಯವರನ್ನು ಲೆಸ್ಟರಿನಿಂದ ಗೊತ್ತು ಮಾಡಿ, ವಾಲಗ ಮಾತ್ರ ಸಿಗದೆ ಒದ್ದಾಡುತ್ತಿದ್ದರು. ಸ್ಪೀಕರಿನಲ್ಲಿ ಹಾಕುವ ವಾಲಗ ಅವರಿಗೆ ಬೇಡ.

"ನಿಮ್ಮ ಪೇಷಂಟ್ ಒಬ್ರು ಸ್ಯಾಕ್ಸೋಫೋನ್ ಊದ್ತಾರಂತಲ್ಲ ಡಾಕ್ಟ್ರೇ, ಅವರನ್ನೇ ಕರೀರಿ ಮಾರ್ರೆ" ಎಂದರು. ವಾದ್ಯ ಅದೇ, ಆದರೆ ಅವರು ಊದುವುದು ಬೇರೆ ಎಂದು ನಾನು ವಿವರಿಸಿದೆ. "ಸ್ಯಾಕ್ಸೋಫೋನ್ ಸ್ಯಾಕ್ಸೋಫೋನೇ" ಎಂದು ಮಾತು ಮುಗಿಸಿದರು.

ಮದುವೆಯ ದಿನ ಅವರು ವಾದ್ಯ ಹಿಡಿದು ಬಂದರು. ನೇವಿ ಬ್ಲೂ ಸೂಟು, ಕೈ ಕೊಯ್ಯುವಷ್ಟು ಚೂಪಾದ ಇಸ್ತ್ರಿಯ ಗೆರೆ. ಮಂಟಪದ ಬದಿಗೆ ಕುರ್ಚಿ ಹಾಕಿಸಿಕೊಂಡು ಮೆಲ್ಲನೆ ಊದುತ್ತಿದ್ದರೆ ಅಜ್ಜಿಯರು ಕೂಡ ತಲೆದೂಗಿದರು. ಮುಹೂರ್ತ ಬಂತು. ವರ ಕರಿಮಣಿ ಹಿಡಿದ. ಪುರೋಹಿತರು ತೋರುಬೆರಳು ಮೇಲೆತ್ತಿ ಅಲ್ಲಾಡಿಸುತ್ತ, "ಗಟ್ಟಿಮೇಳ, ಗಟ್ಟಿಮೇಳ!" ಎಂದರು. ಆ ಹೊತ್ತಿಗೆ ಯಾರದೋ ಸೀನು, ಅಪಶಬ್ದ ಕೇಳದಿರಲೆಂದು ವಾಲಗದವರು ಕಿವಿ ತಮ್ಮಟೆ ಒಡೆಯುವ ಹಾಗೆ ಜೋರಾಗಿ ನುಡಿಸಬೇಕು. ಇವರಿಗೆ ಕಂಡದ್ದು ಎತ್ತಿದ ಬೆರಳು. ಕ್ಲಬ್ಬಿನ ಅಭ್ಯಾಸ. ಸ್ವರದ ಮಧ್ಯದಲ್ಲೇ ಥಟ್ಟನೆ ನಿಲ್ಲಿಸಿದರು.

ಇಡೀ ಹಾಲ್ ನಿಶ್ಶಬ್ದ. ಪುರೋಹಿತರು ಇನ್ನಷ್ಟು ಬೆರಳು ಅಲ್ಲಾಡಿಸಿದರು, ಇವರು ಇನ್ನಷ್ಟು ಸುಮ್ಮನಾಗಿ ವಾದ್ಯವನ್ನು ತೊಡೆಯ ಮೇಲಿಟ್ಟರು. ಆ ನಿಶ್ಶಬ್ದದಲ್ಲೇ ಕರಿಮಣಿ ಕಟ್ಟಿದ್ದಾಯಿತು. ಮದುಮಗಳ ಬಳೆ ಕಿಣಿಗುಟ್ಟಿದ್ದು ಹಿಂದಿನ ಸಾಲಿಗೆ ಕೇಳಿತು. ರಾಯರ ಮುಖದಲ್ಲಿ ರಕ್ತವಿರಲಿಲ್ಲ. ನಾನು ಓಡಿಹೋಗಿ ಕಿವಿಯಲ್ಲಿ ಹೇಳಿದ ಮೇಲೆ, ಇವರು ಹೌಹಾರಿ ಎದ್ದು ನಿಂತು, ತಪ್ಪಿದ್ದನ್ನೆಲ್ಲ ತುಂಬಿಸುವವರ ಹಾಗೆ ವಾದ್ಯವನ್ನು ಕಚ್ಚಿ ಹಿಡಿದು ಎಷ್ಟು ಜೋರಾಗಿ ಊದಿದರೆಂದರೆ, ಊಟದ ಮನೆಯಲ್ಲಿ ಎಲೆ ಹಾಕುತ್ತಿದ್ದವರೂ ಓಡಿಬಂದರು. ಮದುಮಗಳು ಬಿದ್ದು ಬಿದ್ದು ನಕ್ಕಳು. ಅವಳು ನಕ್ಕ ಮೇಲೆ ರಾಯರೂ ನಗಲೇಬೇಕಾಯಿತು.

ಸೋಮವಾರ ಬೆಳಿಗ್ಗೆ ಅವರು ಕ್ಲಿನಿಕ್ಕಿನಲ್ಲಿದ್ದರು. ಮೇಲಿನ ಮುಂದಿನ ಹಲ್ಲು ಅಲ್ಲಾಡುತ್ತಿತ್ತು. ಮದುವೆಯ ಮೇಲೆ ತಪ್ಪು ಹೊರಿಸಲಾಗದು. ಎಕ್ಸ್‌ರೇ ನೋಡಿದರೆ ಬೇರಿನ ಸುತ್ತ ಎಲುಬೇ ಉಳಿದಿರಲಿಲ್ಲ, ವರ್ಷಗಳಿಂದ ಒಳಗೊಳಗೇ ಕರಗಿತ್ತು. ಹಲ್ಲು ಹೋಗಲೇಬೇಕಿತ್ತು.

ಹೇಳಿದಾಗ ಅವರು ಆ ಹಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಹೇಳಿದರು: "ನಾನು ನನ್ನ ಸ್ವರ ಕೇಳುದು ಕಿವಿಯಿಂದ ಅಲ್ಲ ಲವ್. ಈ ಹಲ್ಲಿನಿಂದ."

ಅದು ನಿಜವೂ ಹೌದು. ಸ್ಯಾಕ್ಸೋಫೋನಿನ ಬಾಯಿಗಿಡುವ ಮೂತಿಯ ಮೇಲೆ ಮುಂದಿನ ಹಲ್ಲು ಊರಿರುತ್ತದೆ. ನಾದದ ನಡುಕ ಹಲ್ಲಿನಿಂದ ದವಡೆಗೆ, ತಲೆಬುರುಡೆಗೆ, ಅಲ್ಲಿಂದ ಒಳಕಿವಿಗೆ ಹೋಗುತ್ತದೆ. ಊದುವವರಿಗೆ ತಮ್ಮ ಸ್ವರ ನಮಗೆ ಕೇಳುವುದಕ್ಕಿಂತ ದಪ್ಪವಾಗಿ, ತುಂಬಿಕೊಂಡು ಕೇಳುತ್ತದೆ. ನಮ್ಮದೇ ಮಾತನ್ನು ಫೋನಿನಲ್ಲಿ ಕೇಳಿದಾಗ ಇದು ನಾನಾ ಎನಿಸುವುದೂ ಇದೇ ಕಾರಣಕ್ಕೆ. ರೆಕಾರ್ಡಿನವ ಬೇರೆ ಯಾರೋ ಎಂದು ಅವರು ಹೇಳುತ್ತಿದ್ದದ್ದು ನನಗೆ ಆಗ ತಿಳಿಯಿತು. ಅವರು ಪ್ರೀತಿಸುತ್ತಿದ್ದ ಸ್ವರ ಅವರ ತಲೆಯೊಳಗೆ ಮಾತ್ರ ಇತ್ತು.

ಇದೇ ಹೊತ್ತಿಗೆ ಅವರ ಮಗಳು ಮ್ಯಾಂಚೆಸ್ಟರಿನಲ್ಲಿ ಒಂದು ಧ್ವನಿಮುದ್ರಣ ಗೊತ್ತು ಮಾಡಿದ್ದಳು. ಅಪ್ಪ ತಾನೇ ಕಟ್ಟಿ, ಯಾವತ್ತೂ ರೆಕಾರ್ಡ್ ಮಾಡದ ಪದಗಳು. ಜೊತೆಗೆ ಹಳೆಯ ಪಿಯಾನೋದವರು, ಹಳೆಯ ಡ್ರಮ್ಮಿನವರು. ಡ್ರಮ್ಮಿನವರ ಕೈ ನಡುಗಲಿಕ್ಕೆ ಶುರುವಾಗಿತ್ತು. ಎಲೆ ಉದುರುವ ಕಾಲಕ್ಕೆ ಮಾಡದಿದ್ದರೆ ಮತ್ತೆ ಆಗುವ ಹಾಗಿರಲಿಲ್ಲ. "ಹಲ್ಲು ತೆಗೆದರೆ ಊದ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

ಕಿತ್ತ ಹಲ್ಲಿನ ಬೇರು ಕತ್ತರಿಸಿ, ಅದೇ ಹಲ್ಲನ್ನು ತೆಳ್ಳಗಿನ ನಾರಿನ ಪಟ್ಟಿಯಿಂದ ಅಕ್ಕಪಕ್ಕದ ಹಲ್ಲುಗಳಿಗೆ ಅಂಟಿಸುವ ಒಂದು ವಿಧಾನವಿದೆ. ಅದನ್ನು ಮಾಡಿದೆ. ಸಾಮಾನ್ಯವಾಗಿ ನಾವು ನಕ್ಕು ತೋರಿಸಿ, ಕಚ್ಚಿ ತೋರಿಸಿ ಎನ್ನುತ್ತೇವೆ. ಅವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ಊದಿ ತೋರಿಸಿ ಎಂದೆ. ಹಲ್ಲಿನ ಕುರ್ಚಿಯಲ್ಲಿ ಕುಳಿತು ಒಂದು ಉದ್ದ ಸ್ವರ ಊದಿದರು. ನನಗೂ ನರ್ಸಿಗೂ ಮೈ ಜುಮ್ಮೆಂದಿತು. ಅವರು ಮಾತ್ರ ಬಾಯಿಂದ ವಾದ್ಯ ತೆಗೆದು ಅದನ್ನೇ ನೋಡುತ್ತಿದ್ದರು.

"ಪಕ್ಕದ ಮನೆಯ ಟಿವಿ ಕೇಳಿದ ಹಾಗಾಗ್ತದೆ" ಎಂದರು.

ಮುಂದಿನ ವಾರಗಳಲ್ಲಿ ಅವರು ವಾದ್ಯ ಹೊರಗೆ ತೆಗೆಯುವುದು, ಒಂದು ಸ್ವರ ಊದುವುದು, ಮತ್ತೆ ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದು, ಇಷ್ಟೇ ಮಾಡುತ್ತಿದ್ದರೆಂದು ಮಗಳು ಹೇಳಿದಳು. ಒಂದು ದಿನ ಬಂದು, ಬೇರೆ ಹಲ್ಲು ಹಾಕು ಎಂದರು. ಯಾವ ಹಲ್ಲು ಹಾಕಿದರೂ ಆ ಸ್ವರ ಹಾಗೆಯೇ ತಿರುಗಿ ಬರುವುದಿಲ್ಲ, ಎಲುಬಿನೊಳಗೆ ಕೂತಿದ್ದ ಬೇರೇ ಹೋಗಿದೆ ಎಂದು ನಾನು ವಿವರಿಸಿದೆ. ಕೇಳಿಸಿಕೊಂಡು, ಕೋಟು ಹಾಕಿ, "ಥ್ಯಾಂಕ್ಯೂ, ಡಾಕ್ಟರ್" ಎಂದು ಹೊರಟುಹೋದರು. ಅಲ್ಲಿಯತನಕ ಒಮ್ಮೆಯೂ ನನ್ನನ್ನು ಡಾಕ್ಟರ್ ಎಂದಿರಲಿಲ್ಲ. ಮನೆಗೆ ಬಂದು ಗಂಡನ ಮುಂದೆ ಅತ್ತೆ.

ಧ್ವನಿಮುದ್ರಣದ ದಿನ ಅವರು ಹೊರಟದ್ದು ಡ್ರಮ್ಮಿನವರಿಗೆ ಮಾತು ಕೊಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ. ಮಗಳು ನನಗೆ ಫೋನ್ ಮಾಡಿ, ಹಲ್ಲು ಕಳಚಿದರೆ ಬೇಕಾದೀತು, ಅಂಟು ತೆಗೆದುಕೊಂಡು ಬರುತ್ತೀರಾ ಎಂದು ಕೇಳಿದಳು. ಭಾನುವಾರ, ನನ್ನ ಗಂಡನಿಗೆ ಆಸ್ಪತ್ರೆಯ ಪಾಳಿ ಇರಲಿಲ್ಲ. "ಪುರೋಹಿತರು ಚೀಲ ಹಿಡ್ಕೊಂಡು ಹೊರಟ ಹಾಗೆ ಹೊರಟಿದ್ದಿ ನೋಡು" ಎಂದು ತಮಾಷೆ ಮಾಡುತ್ತ ಕಾರು ಓಡಿಸಿದರು.

ಹಳೆಯ ಹತ್ತಿ ಗಿರಣಿಯ ಒಂದು ಕೋಣೆ. ಕಂಬಳಿ ತೂಗುಹಾಕಿದ ಗೋಡೆ. ಪಿಯಾನೋದವರು, ಡ್ರಮ್ಮಿನವರು, ಗಾಜಿನಾಚೆ ಧ್ವನಿಮುದ್ರಿಸುವವನು. ಶುರು ಮಾಡಿದರು, ನಿಲ್ಲಿಸಿದರು. ಮತ್ತೆ ಶುರು, ಮತ್ತೆ ನಿಲುಗಡೆ. ಕಳೆದುಹೋದ ಸ್ವರ ಎಲ್ಲಾದರೂ ಸಿಕ್ಕೀತೆಂದು ಅವರು ಕಚ್ಚುತ್ತಿದ್ದರು, ಇನ್ನೂ ಬಲವಾಗಿ ಕಚ್ಚುತ್ತಿದ್ದರು. ನೋಡುತ್ತಿದ್ದ ನನಗೆ ಮುಂದೆ ಏನಾಗುತ್ತದೆ ಎನ್ನುವುದು ಗೊತ್ತಿತ್ತು. ಟಕ್ಕೆಂದಿತು. ಹಲ್ಲು ಅಂಗೈಗೆ ಬಿತ್ತು.

ನಾನು ಚೀಲ ತೆರೆದೆ. ಅಂಟಿಸಲಿಕ್ಕೆ ಹೆಚ್ಚು ಹೊತ್ತು ಬೇಡ ಎಂದೆ. ಅವರು ಹಲ್ಲನ್ನು ನನ್ನ ಕೈಗೆ ಕೊಟ್ಟು, "ಬೇಡ ಲವ್, ಇಟ್ಟುಕೋ" ಎಂದರು. ಹಲ್ಲಿಲ್ಲದ ಅಜ್ಜಂದಿರು ಬಾಯಿ ಮುಚ್ಚುವ ಹಾಗೆ ಮೇಲ್ತುಟಿಯನ್ನು ಒಳಕ್ಕೆ ಮಡಚಿ, ಉಳಿದ ಹಲ್ಲುಗಳನ್ನೂ ಅದರಿಂದ ಮುಚ್ಚಿದರು. ಈಗ ಒಂದು ಹಲ್ಲೂ ವಾದ್ಯಕ್ಕೆ ತಾಗುತ್ತಿರಲಿಲ್ಲ, ಬರೀ ತುಟಿ. ಊದಿದರು.

ಮೊದಲು ಗಾಳಿಯೇ ಹೆಚ್ಚು ಬಂತು. ಆಮೇಲೆ ಆ ಗಾಳಿಯೊಳಗಿಂದ ಸ್ವರ ಬಂತು, ಮೆತ್ತಗೆ. ಕಚ್ಚುವ ಹಾಗಿಲ್ಲದ ಕಾರಣ ಒತ್ತಾಯವಿರಲಿಲ್ಲ. ತಲೆಯೊಳಗೆ ಏನೂ ಕೇಳದ ಕಾರಣ ಅವರು ಕೋಣೆಯನ್ನು ಕೇಳತೊಡಗಿದ್ದರು. ಒಂದು ಮಾತು ಊದುವುದು, ಅದು ಗೋಡೆಗೆ ಹೋಗಿ ಬರುವವರೆಗೆ ಕಾಯುವುದು, ಇನ್ನೊಂದು ಊದುವುದು. ಡ್ರಮ್ಮಿನವರು ತಲೆಯೆತ್ತಿ ನೋಡಿದರು, ನಡುಗುವ ಕೈಯಲ್ಲಿ ಕೋಲಿನ ಬದಲು ತಂತಿಯ ಬ್ರಷ್ ಹಿಡಿದು ಮೆಲ್ಲನೆ ಜೊತೆಗೂಡಿದರು. ನನ್ನ ಗಂಡ ನನ್ನ ಮೊಣಕೈ ಹಿಡಿದುಕೊಂಡಿದ್ದರು. ನನ್ನ ಜೀವಮಾನದಲ್ಲಿ ಅಂಥದ್ದನ್ನು ನಾನು ಕೇಳಿಲ್ಲ.

ಮುಗಿಯಿತು. ಗಾಜಿನಾಚೆಯವನು ಈಗ ಹಾಕಿ ಕೇಳಿಸುತ್ತೇನೆಂದು ಸನ್ನೆ ಮಾಡಿದ. ಅವರು ಎಂದಿನ ಹಾಗೆ ಎದ್ದು ಬಾಗಿಲ ಕಡೆಗೆ ನಡೆದರು. ಹಿಡಿಕೆಯ ಮೇಲೆ ಕೈಯಿಟ್ಟಿದ್ದರು, ಅಷ್ಟರಲ್ಲಿ ಸ್ಪೀಕರಿನಿಂದ ಆ ಮೊದಲ ಗಾಳಿ, ಅದರ ಹಿಂದೆ ಆ ಸ್ವರ. ಅಲ್ಲೇ ನಿಂತರು. ಸ್ವಲ್ಪ ಮುಂಚೆ ಊದುವಾಗ ಅವರಿಗೆ ಕೇಳಿದ್ದೂ ಇದೇ ಆಗಿತ್ತು, ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ತಿರುಗಿ ಬಂದು ಕುಳಿತರು. ಕೊನೆಯವರೆಗೆ ಕೇಳಿದರು.

"ಇಷ್ಟು ವರ್ಷ ನೀವೆಲ್ಲ ಕೇಳ್ತಾ ಇದ್ದದ್ದು ಇವನನ್ನಾ?" ಎಂದು ಡ್ರಮ್ಮಿನವರನ್ನು ಕೇಳಿದರು.

"ಇವನನ್ನೇ ಮಾರಾಯ. ಮತ್ತೆ ಯಾರನ್ನು?"

ಅವರು ಹಲ್ಲಿಲ್ಲದ ಜಾಗವನ್ನು ನಾಲಿಗೆಯಿಂದ ಮುಟ್ಟಿ ನೋಡಿದರು. "ತೊಂದರೆ ಇಲ್ಲ ಇವ" ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಇವನ ಹಳತ್ತು ನಿನ್ನ ಹತ್ರ ಉಂಟಲ್ಲ, ಒಂದೊಂದಾಗಿ ಹಾಕು ನೋಡುವ" ಎಂದು ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡರು.